ಮೊದಲ ತುತ್ತು

“ಗುರುಗಳೇ, ಪರದೇಶದ ಭಾಷೆಗಳಲ್ಲಿ ಕಲಿಯುವುದಕ್ಕೆ ಎಲ್ಲಕ್ಕಿಂತ ಸುಲಭವಾದದ್ದು ಯಾವುದು?” ಎಂದು ಶಿಷ್ಯ ಕೇಳಿದ.

ಅವನು ಮದ್ದು ಕೊಡುವುದನ್ನು ಕಲಿತವನು. ಕಡಲಾಚೆಯ ಮೂರು ಊರುಗಳಿಂದ ಮಠಕ್ಕೆ ಓಲೆ ಬಂದಿತ್ತು. ಎರಡು ಊರಿನವರು ಪ್ರವಚನಕ್ಕೆ ಯಾರನ್ನಾದರೂ ಕಳಿಸಿ ಎಂದಿದ್ದರು. ಮೂರನೆಯ ಊರಿನಲ್ಲಿ ಜ್ವರ ಹಬ್ಬಿತ್ತು. ಅವರು ವೈದ್ಯ ಬಲ್ಲವರನ್ನು ಬೇಡಿದ್ದರು. ಆ ಊರಿನ ಭಾಷೆ ನಾಲಿಗೆಗೆ ಹತ್ತುವಂಥದ್ದಲ್ಲ ಎಂದು ಹೋಗಿಬಂದವರೆಲ್ಲ ಹೇಳುತ್ತಿದ್ದರು. ಎಲ್ಲಿಗೆ ಹೋಗುತ್ತೀಯೋ ನೀನೇ ಆರಿಸಿಕೋ ಎಂದು ಗುರು ಅವನಿಗೇ ಬಿಟ್ಟಿದ್ದರು. ಶಿಷ್ಯ ಊರಿನ ಮಾತೆತ್ತದೆ ಭಾಷೆಯ ಮಾತೆತ್ತಿದ. ಜಾಣನೇ ಸರಿ. ಗುರು ಅದಕ್ಕೆ ಉತ್ತರ ಕೊಡಲಿಲ್ಲ, ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೊಬ್ಬ ಅಣ್ಣ. ತಂದೆ ತೀರಿಕೊಂಡ ಮೇಲೆ ಅಣ್ಣನೇ ಅವನನ್ನು ಸಾಕಿ ಸಲಹಿದ್ದ. ಅವರ ಮನೆಯಲ್ಲಿ ಕಿರಿಯರು ಹಿರಿಯರ ಹೆಸರನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಇನ್ನೊಂದು ರೂಢಿಯೂ ಇತ್ತು. ಊಟಕ್ಕೆ ಕುಳಿತಾಗ ಅಣ್ಣ ಮೊದಲ ತುತ್ತನ್ನು ಕಲಸಿ, ತಾನು ಬಾಯಿಗಿಡುವ ಮುಂಚೆ, ತಮ್ಮನ ಎಲೆಗೆ ಇಡುತ್ತಿದ್ದ. ತಮ್ಮನಿಗೆ ಮೀಸೆ ಬಂದ ಮೇಲೂ ಅದು ನಿಲ್ಲಲಿಲ್ಲ.

ಒಂದು ವರ್ಷ ಅಣ್ಣ ಮೆಣಸಿನ ಮೂಟೆಗಳೊಂದಿಗೆ ಹಡಗು ಹತ್ತಿದ. ಹಡಗು ತಿರುಗಿ ಬಂತು, ಅಣ್ಣ ಬರಲಿಲ್ಲ. ಬೆಟ್ಟದ ಸೀಮೆಯ ಬಂದರಿನಲ್ಲಿ ಇಳಿದದ್ದನ್ನು ಕಣ್ಣಾರೆ ಕಂಡೆವು, ಮತ್ತೆ ಹತ್ತಲಿಲ್ಲ ಎಂದು ಹಡಗಿನವರು ಹೇಳಿದರು. ಅತ್ತಿಗೆ ಅಳಲಿಲ್ಲ. ಹುಡುಕಿಕೊಂಡು ಬನ್ನಿ ಎಂದು ಮೈದುನನಿಗೆ ಬುತ್ತಿ ಕಟ್ಟಿದಳು.

ಭಾಷೆ ಬರದೆ ಹುಡುಕುವುದು ಹೇಗೆ? ವ್ಯಾಪಾರಿ ಬೆಟ್ಟದ ಸೀಮೆಯ ಮಾತು ಬಲ್ಲ ಒಬ್ಬ ಮುದಿ ನಾವಿಕನ ಬಳಿ ಹೋಗಿ, ಕಲಿಯಲು ಎಷ್ಟು ದಿನ ಬೇಕೆಂದು ಕೇಳಿದ.

“ದಿನದ ಲೆಕ್ಕದಲ್ಲಿ ಬರೋ ಭಾಷೆ ಅಲ್ಲಪ್ಪ ಅದು,” ಎಂದ ನಾವಿಕ. “ಕುಡಿಯೋ ನೀರು ಕೇಳೋದಕ್ಕೇ ಒಂದು ಮಳೆಗಾಲ ಬೇಕು. ಮನುಷ್ಯನ್ನ ಹುಡುಕಬೇಕು ಅಂದ್ರೆ ಮೂರು ವರ್ಷ.”

ವ್ಯಾಪಾರಿ ಒಂದು ದಿನ ಕುಳಿತ. ಒಣಕಟ್ಟಿಗೆ ಸೀಳಿದಂತೆ ಸದ್ದು ಮಾಡುವ ಭಾಷೆ. ಸಂಜೆಗೆ ಗಂಟಲು ಕಟ್ಟಿಕೊಂಡಿತು. ಮರುದಿನ ಅವನು ಆ ಕಡೆ ತಲೆ ಹಾಕಲಿಲ್ಲ.

ಬೆಟ್ಟದ ಸೀಮೆಯ ಆಚೆಗೆ ಇನ್ನೊಂದು ಬಂದರು. ಅಲ್ಲಿಯ ಮಾತು ನಮ್ಮ ಮಾತಿಗೆ ತೀರ ಹತ್ತಿರ ಎಂದು ಯಾರೋ ಹೇಳಿದರು. ಹೌದು, ಹತ್ತಿರವೇ ಇತ್ತು. ನಲವತ್ತು ದಿನದಲ್ಲಿ ಅವನು ಅರಳು ಹುರಿದಂತೆ ಮಾತಾಡತೊಡಗಿದ. ಭಾಷೆ ಬಂದ ಮೇಲೆ ಕಾರಣವೂ ಬಂತು. ಅಣ್ಣ ಬೆಟ್ಟದ ಸೀಮೆಯಲ್ಲಿ ಇಳಿದಿರಬಹುದು, ಆದರೆ ಅಲ್ಲೇ ಯಾಕೆ ಉಳಿಯುತ್ತಾನೆ? ನಾಲ್ಕು ದಿನ ನಡೆದರೆ ಮಾತು ತಿಳಿಯುವ ಊರು ಸಿಗುವಾಗ ಅಲ್ಲಿಗೇ ಹೋಗಿರುತ್ತಾನೆ. ಹೀಗೆ ತನಗೆ ತಾನೇ ಹೇಳಿಕೊಂಡು, ತಾನೇ ನಂಬಿ, ವ್ಯಾಪಾರಿ ಹಡಗು ಹತ್ತಿದ.

ಆ ಊರಿನವರು ಬಲು ಸೌಮ್ಯರು. ನನ್ನ ಅಣ್ಣನನ್ನು ಕಂಡಿರಾ ಎಂದು ಕೇಳಿದ. ಹೆಸರೇನೆಂದು ಅವರು ಕೇಳಿದರು. ಅವನು ಹೇಳಲಿಲ್ಲ; ಹೇಳುವ ರೂಢಿ ಇರಲಿಲ್ಲ. ಹೆಸರು ಬೇಡ, ಹೇಗಿದ್ದ ಹೇಳು, ಸಾಕು ಎಂದರು. ಅವನು ಹೇಳಿದ. ಎತ್ತರ, ಮೈಬಣ್ಣ, ರುಮಾಲು ಸುತ್ತುವ ರೀತಿ, ನಗುವಾಗ ಒಂದು ಕಣ್ಣು ಕಿರಿದಾಗುವುದು, ಎಳವೆಯಲ್ಲಿ ಬಾವಿಕಟ್ಟೆಯಿಂದ ಬಿದ್ದು ಎಡಹುಬ್ಬಿನ ಮೇಲೆ ಆದ ಗಾಯದ ಗುರುತು. ಭಾಷೆ ಎಲ್ಲಿಯೂ ತಡೆಯಲಿಲ್ಲ. ಸಂಜೆಯವರೆಗೆ ಹೇಳಿದ. ಊರೇ ಸುತ್ತ ಕುಳಿತು ಕೇಳಿತು. ಅವನು ಮಾತಾಡುವಾಗ ಅವರ ತುಟಿಗಳೂ ಸದ್ದಿಲ್ಲದೆ ಅವನ ಜೊತೆಯೇ ಅಲ್ಲಾಡುತ್ತಿದ್ದವು. ಅವನಿಗೆ ಅದು ಮರ್ಯಾದೆಯಂತೆ ತೋರಿತು.

ಮೂರನೆಯ ದಿನ ಒಬ್ಬನನ್ನು ಕರೆತಂದರು. ಅದೇ ಎತ್ತರ, ಅದೇ ರುಮಾಲು. ನಕ್ಕಾಗ ಒಂದು ಕಣ್ಣು ಕಿರಿದಾಯಿತು. ಎಡಹುಬ್ಬಿನ ಮೇಲೆ ಗಾಯವಿತ್ತು. ಗಾಯ ಇನ್ನೂ ಹಸಿಯಾಗಿತ್ತು.

ವ್ಯಾಪಾರಿ ಅದನ್ನು ನೋಡಿದ. ನೋಡಿಯೂ “ಅಣ್ಣಾ” ಎಂದ.

“ಬಂದೆಯಾ ತಮ್ಮಾ? ಎಷ್ಟು ತಡ ಮಾಡಿಬಿಟ್ಟೆ,” ಎಂದ ಬಂದವನು.

ಇಬ್ಬರೂ ಮನೆಗೆ ಬಂದರು. ಅತ್ತಿಗೆ ಎರಡು ಎಲೆ ಹಾಕಿ ಬಡಿಸಿದಳು. ಬಂದವನು ಅನ್ನ ಕಲಸಿ ಮೊದಲ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡ. ಎಲ್ಲವನ್ನೂ ಹೇಳಿದ್ದ ವ್ಯಾಪಾರಿ ಇದೊಂದನ್ನು ಆ ಊರಿನವರಿಗೆ ಹೇಳಿರಲಿಲ್ಲ. ದಿನವೂ ನಡೆಯುವುದನ್ನು ಯಾರು ಗುರುತೆಂದು ಹೇಳುತ್ತಾರೆ? ಅವನ ಕೈ ಎಲೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇತ್ತು. ದೂರದ ಊರಿನ ಹಸಿವು ಅಣ್ಣನಿಗೆ ಮರೆಸಿರಬೇಕು ಅಂದುಕೊಂಡು ಊಟ ಮಾಡಿದ.

ಅತ್ತಿಗೆ ಒಳಗೆ ಅವನನ್ನು ನಿಲ್ಲಿಸಿ ಹೇಳಿದಳು: “ನೀವು ಕರ್ಕೊಂಡು ಬಂದೋರಿಗೆ ಎರಡು ಹೊತ್ತೂ ಬಡಿಸ್ತೀನಿ. ಅಷ್ಟು ಬಿಟ್ಟು ನನ್ನನ್ನ ಏನೂ ಕೇಳಬೇಡಿ.” ಅಂದಿನಿಂದ ಅವಳು ಅಡುಗೆಮನೆಯ ಅಗುಳಿ ಹಾಕಿಕೊಂಡು ಮಲಗಿದಳು.

ಬಂದವನು ಊರಿಗೆಲ್ಲ ಇಷ್ಟವಾದ. ಯಾರು ಏನೆಂದರೂ ಹೌದೆನ್ನುತ್ತಿದ್ದ. ಸಿಟ್ಟಿಲ್ಲ, ಸೆಡವಿಲ್ಲ, ಒಂದು ದಿನ ತಲೆನೋವೂ ಇಲ್ಲ. ಎಳವೆಯ ಗಾಯ ಮನೆಗೆ ಬಂದ ಎರಡು ತಿಂಗಳಿಗೆ ಮಾಯಿತು. ವ್ಯಾಪಾರಿ ಅವನ ಹುಬ್ಬಿನ ಕಡೆ ನೋಡುವುದನ್ನು ಬಿಟ್ಟ.

ಹೀಗೆ ಹನ್ನೆರಡು ವರ್ಷ. ಒಂದು ಮಧ್ಯಾಹ್ನ ಜಗಲಿಗೆ ಒಬ್ಬ ದಾರಿಹೋಕ ಬಂದ. ಬೆನ್ನು ಬಾಗಿತ್ತು, ಮುಖ ಸುಟ್ಟು ಕಪ್ಪಾಗಿತ್ತು, ಗಡ್ಡ ಎದೆಗಿಳಿದಿತ್ತು. ಏನೋ ಹೇಳಿದ. ಒಣಕಟ್ಟಿಗೆ ಸೀಳಿದ ಸದ್ದು. ಅದು ಯಾವ ಸೀಮೆಯ ಮಾತೆಂದು ವ್ಯಾಪಾರಿಗೆ ಗೊತ್ತಾಯಿತು, ಮಾತೇನೆಂದು ಗೊತ್ತಾಗಲಿಲ್ಲ. ದಾರಿಹೋಕ ಎದೆ ಮುಟ್ಟಿಕೊಂಡು ಬೇರೆ ಮಾತಿಗಾಗಿ ತಡಕಾಡಿದ. ಅವನ ಬಾಯಲ್ಲಿ ಬೇರೆ ಮಾತು ಉಳಿದಿರಲಿಲ್ಲ.

ಹಸಿದು ಬಂದವರನ್ನು ಹಾಗೇ ಕಳಿಸುವ ಮನೆಯಲ್ಲ ಅದು. ಅತ್ತಿಗೆ ಜಗಲಿಯ ಮೇಲೆ ಎಲೆ ಹಾಕಿದಳು. ದಾರಿಹೋಕ ಅನ್ನ ಕಲಸಿದ. ಮೊದಲ ತುತ್ತನ್ನು ಬಾಯಿಗಿಡಲಿಲ್ಲ. ವ್ಯಾಪಾರಿಯ ಕಡೆಗೆ ಚಾಚಿದ. ನನ್ನ ಊಟವಾಯಿತು, ನೀವು ಮಾಡಿ ಎಂದು ವ್ಯಾಪಾರಿ ಕೈಸನ್ನೆ ಮಾಡಿದ. ಹನ್ನೆರಡು ವರ್ಷದಲ್ಲಿ ಅವನೂ ಮರೆತಿದ್ದ. ದಾರಿಹೋಕ ಆ ತುತ್ತನ್ನು ಎಲೆಯ ಅಂಚಿಗೆ ಇಟ್ಟ. ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಮೆಟ್ಟಿಲಿಳಿದು ಹೊರಟುಹೋದ.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಬರಿಗಾಲಲ್ಲಿ ಅವನ ಹಿಂದೆಯೇ ನಡೆದಳು. ಅವಳಿಗೂ ಆ ಭಾಷೆ ಬರುತ್ತಿರಲಿಲ್ಲ.

ವ್ಯಾಪಾರಿ ಎಲೆಯ ಅಂಚಿನ ತುತ್ತನ್ನು ನೋಡಿದ. ಆಗ ಅವನಿಗೆ ತಿಳಿಯಿತು. ಬೀದಿಗೆ ಓಡಿ “ಅಣ್ಣಾ!” ಎಂದು ಕೂಗಿದ.

“ಏನು ತಮ್ಮಾ?” ಎಂದು ಮನೆಯೊಳಗಿನಿಂದ ಉತ್ತರ ಬಂತು.

ಅವನು ಅಲ್ಲೇ ನಿಂತ. ಕೂಗುವುದಕ್ಕೆ ಇನ್ನೊಂದೇ ಒಂದು ಮಾತಿತ್ತು, ಅಣ್ಣನ ಹೆಸರು. ಹುಟ್ಟಿದಾರಭ್ಯ ಹೇಳದಿದ್ದ ಆ ಹೆಸರು ಬಾಯಿಗೆ ಬರಲಿಲ್ಲ. ಇಬ್ಬರೂ ಬೀದಿಯ ತಿರುವು ದಾಟಿದರು. ಅವನು ತಿರುವಿಗೆ ಹೋಗಿ ನೋಡುವಾಗ ದಾರಿ ಖಾಲಿ ಇತ್ತು. ಕತ್ತಲಾಗುವವರೆಗೆ ಹುಡುಕಿ ಮನೆಗೆ ಬಂದ.

“ಯಾರೋ ಬಂದಿದ್ದರಲ್ಲ, ಏನಂದರು?” ಎಂದು ಜಗಲಿಯತ್ತ ತೆರೆದ ಕಿಟಕಿಯ ಬಳಿ ಕುಳಿತಿದ್ದ ಒಳಗಿನವನು ಕೇಳಿದ.

“ಗೊತ್ತಾಗಲಿಲ್ಲ,” ಎಂದ ವ್ಯಾಪಾರಿ.

ಮರುದಿನ ವ್ಯಾಪಾರಿಯೇ ಅಡುಗೆ ಮಾಡಿ ಎರಡು ಎಲೆ ಹಾಕಿದ. ಒಳಗಿನವನು ಬಂದು ಕುಳಿತ. ಅನ್ನ ಕಲಸಿದ. ಒಂದು ಕಣ್ಣು ಕಿರಿದಾಗುವಂತೆ ನಕ್ಕು, ಮೊದಲ ತುತ್ತನ್ನು ವ್ಯಾಪಾರಿಯ ಎಲೆಗೆ ಇಟ್ಟ.

ಗುರು ಅಲ್ಲಿಗೆ ನಿಲ್ಲಿಸಿದರು.

“ಅವನು ಆ ತುತ್ತನ್ನು ತಿಂದನೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಅದು ಹಾಗಿರಲಿ, ಆ ಮೂರನೆಯ ಊರಿನಲ್ಲಿ ಜ್ವರ ಬಂದು ಮಲಗಿದವರು ಈಗ ಯಾವ ಭಾಷೆಯಲ್ಲಿ ನೀರು ಕೇಳುತ್ತಿದ್ದಾರೆ, ಹೇಳು,” ಎಂದರು ಗುರು.