ಅಂಗಡಿಯ ಹಿಂದಿನ ಕೋಣೆ

"ಗುರುಗಳೇ, ಹೆದರುವುದು ತಪ್ಪೇ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಅವನ ಮುಖ ನೋಡಿದರು. ಅವನು ಆಗತಾನೇ ಸಂತೆಯಿಂದ ಹಿಂದಿರುಗಿದ್ದ.

"ಏನಾಯಿತು?" ಎಂದರು.

"ದಾರಿಯಲ್ಲಿ ಒಂದು ಕಾಗೆ ಸತ್ತು ಬಿದ್ದಿತ್ತು. ಸಂತೆಯಲ್ಲೆಲ್ಲ ಹಕ್ಕಿಜ್ವರದ್ದೇ ಮಾತು ಕೇಳಿ ಬಂದಿದ್ದೆ. ಗದ್ದೆಗೆ ಇಳಿದು ಸುತ್ತು ಹಾಕಿಕೊಂಡು ಬಂದೆ. ಜೊತೆಯಲ್ಲಿದ್ದವರು ನಕ್ಕರು. ಇಷ್ಟು ಕಾಲ ನಿಮ್ಮ ಬಳಿ ಇದ್ದೂ ಹೆದರಿಕೆ ಬಿಟ್ಟು ಹೋಗಲಿಲ್ಲವಲ್ಲ ಎಂದು ನಾಚಿಕೆಯಾಗಿದೆ."

"ಸುತ್ತು ಹಾಕಿದ್ದು ಒಳ್ಳೆಯದೇ ಆಯಿತು. ಕೂತುಕೋ," ಎಂದು ಹೇಳಿ ಗುರುಗಳು ಈ ಕತೆಯನ್ನು ಹೇಳಿದರು.

ಕೆರೆಯ ದಂಡೆಯಲ್ಲಿ ಒಂದು ಊರು. ಆ ಊರಿನಲ್ಲಿ ಜವರಪ್ಪ ಎಂಬ ವ್ಯಾಪಾರಿ. ಉಪ್ಪು, ಬೆಲ್ಲ, ಬೇಳೆ, ಮೊಟ್ಟೆ ಮಾರುತ್ತಿದ್ದ. ಅಂಗಡಿಯ ಹಿಂದೆಯೇ ಅವನ ಮನೆ. ಎದುರಿಗೆ, ರಸ್ತೆಯ ಆಚೆ, ಕೆಂಪಾಜಮ್ಮ ಎಂಬ ರೈತ ಹೆಂಗಸಿನ ಮನೆ. ಅವಳ ಅಂಗಳದಲ್ಲಿ ಒಂದು ದೊಡ್ಡ ಹುಣಸೆಮರ. ವರ್ಷವರ್ಷವೂ ಕೊಕ್ಕರೆಗಳು ಬಂದು ಆ ಮರದಲ್ಲಿ ಗೂಡು ಕಟ್ಟುತ್ತಿದ್ದವು. ಮರಿ ಮಾಡಿ, ಮರಿಗಳ ರೆಕ್ಕೆ ಬಲಿತ ಮೇಲೆ ಹೊರಟುಹೋಗುತ್ತಿದ್ದವು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳ ಬಗ್ಗೆ ಹೇಳುತ್ತಿದ್ದರು. ಯಾರೂ ಒಂದು ಕಲ್ಲು ಎಸೆದವರಲ್ಲ.

ಜವರಪ್ಪ ಕೆಟ್ಟವನಲ್ಲ, ಪುಕ್ಕಲ. ಮೊದಲಿನಿಂದ ಹಾಗಿದ್ದವನೂ ಅಲ್ಲ. ಹಿಂದೆ ದೊಡ್ಡ ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಅವನ ಅಣ್ಣ ಪಟ್ಟಣದಲ್ಲಿ ತೀರಿಕೊಂಡಿದ್ದ. ಅಣ್ಣನಿಗೆ ಜ್ವರ ಎಂದು ಗೊತ್ತಾದ ಕೂಡಲೇ ಬಾಡಿಗೆ ಮನೆಯ ಯಜಮಾನ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಅತ್ತರೂ ಬಾಗಿಲು ತೆರೆಯಲಿಲ್ಲ. ಅಣ್ಣ ಆಸ್ಪತ್ರೆ ಸೇರಿದ, ಹಿಂದಿರುಗಲಿಲ್ಲ. ಜವರಪ್ಪನಿಗೆ ಮುಖ ನೋಡುವುದಕ್ಕೂ ಆಗಲಿಲ್ಲ. ಆಮೇಲಿನಿಂದ ಅಂಗಡಿಯಲ್ಲಿ ಗಿರಾಕಿ ಯಾರಾದರೂ ಕೆಮ್ಮಿದರೆ ಸಾಕು, ತಕ್ಕಡಿ ಬಿಟ್ಟು ಹಿಂದೆ ಸರಿಯುತ್ತಿದ್ದ. ಆ ಯಜಮಾನನ ನೆನಪಾದಾಗಲೆಲ್ಲ ಹಿಡಿಶಾಪ ಹಾಕುತ್ತಿದ್ದ.

ಹೀಗಿರುವಾಗ ಒಂದು ವರ್ಷ ದೂರದ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಫಾರಂ ಕೋಳಿಗಳನ್ನು ಗುಂಡಿ ತೋಡಿ ಹೂಳುತ್ತಿದ್ದಾರೆ ಎಂಬ ಸುದ್ದಿ ಹೊರಟಿತು. ಊರಿಗೆ ಬಂದು ಮುಟ್ಟುವಷ್ಟರಲ್ಲಿ ಅದು ಚೆನ್ನಾಗಿ ಬೆಳೆದಿತ್ತು. ಒಬ್ಬೊಬ್ಬರ ಮೊಬೈಲಿಗೆ ಒಂದೊಂದು ಸುದ್ದಿ ಬಂತು. ಹಕ್ಕಿಯ ನೆರಳು ಬಿದ್ದರೂ ಜ್ವರ ಹತ್ತುತ್ತದಂತೆ. ಮನುಷ್ಯರಿಗೆ ಬಂದರೆ ಔಷಧವೇ ಇಲ್ಲವಂತೆ. ಹಿಂದಿನ ರೋಗ ಇದರ ಮುಂದೆ ನೆಗಡಿಯಂತೆ. ಕೆಲವರು ಮೊಟ್ಟೆ ಮುಟ್ಟುವುದನ್ನು ಬಿಟ್ಟರು. ಕೆಲವರು ಸಾಕಿದ ಕೋಳಿಗಳನ್ನು ಊರಾಚೆ ಬಿಟ್ಟು ಬಂದರು. ಇನ್ನು ಕೆಲವರು, ಕೋಳಿ ಅಗ್ಗವಾಯಿತಲ್ಲ ಎಂದು ದಿನಾ ತಂದು ಬಾಡೂಟ ಮಾಡಿದರು. ಹೆದರಿದವರು ನಗುವವರನ್ನು ಬೈದರು. ನಗುವವರು ಹೆದರಿದವರನ್ನು ಆಡಿಕೊಂಡರು. ಜವರಪ್ಪ ಎಲ್ಲರ ಮಾತನ್ನೂ ಕೇಳಿದ, ಎಲ್ಲವನ್ನೂ ನಂಬಿದ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಹುಣಸೆಮರದ ಕೆಳಗೆ ಒಂದು ಕೊಕ್ಕರೆ ಸತ್ತು ಬಿದ್ದಿತ್ತು. ಮಾರನೆಯ ದಿನ ಇನ್ನೂ ಕೆಲವು ಬಿದ್ದವು.

ಆಗ ನಗುತ್ತಿದ್ದವರೂ ನಗು ನಿಲ್ಲಿಸಿದರು. ನಮ್ಮ ಹೆಣ್ಣುಮಕ್ಕಳು ಎನ್ನುತ್ತಿದ್ದ ಬಾಯಲ್ಲಿ ಆ ಮರ, ಆ ಮನೆ ಎಂಬ ಮಾತು ಬಂತು. ಜನ ಜವರಪ್ಪನ ಅಂಗಡಿಯ ಮುಂದೆ ಗುಂಪುಗೂಡಿದರು. ದೀಪಾವಳಿಯಲ್ಲಿ ಮಾರಾಟವಾಗದೆ ಉಳಿದಿದ್ದ ಪಟಾಕಿಯ ಡಬ್ಬವನ್ನು ಜವರಪ್ಪನೇ ಅಟ್ಟದಿಂದ ಇಳಿಸಿದ.

"ಮರದ ಬುಡದಲ್ಲಿ ಹಚ್ಚಿಬಿಡೋಣ. ಎಲ್ಲಿಗಾದರೂ ಹಾರಿಹೋಗಲಿ. ನಮ್ಮ ಊರಲ್ಲಿ ಮಾತ್ರ ಬೇಡ," ಎಂದ.

ಗದ್ದಲ ಕೇಳಿ ಕೆಂಪಾಜಮ್ಮ ಹೊರಗೆ ಬಂದಳು. ಅವಳ ಮಗಳು ಚೊಚ್ಚಲ ಹೆರಿಗೆಗೆಂದು ಬಂದವಳು ಒಳಗಿದ್ದಳು. ದಿನ ತುಂಬಿತ್ತು.

"ಜವರಪ್ಪ, ನಿನಗೆ ಇರುವ ಭಯ ನನಗೂ ಉಂಟಪ್ಪ. ಬಸುರಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಗೂಡಿನಲ್ಲಿ ಇನ್ನೂ ಕಣ್ಣು ಬಿಡದ ಮರಿಗಳಿವೆ. ಡಾಕ್ಟರಿಗೆ ಫೋನು ಮಾಡಿದ್ದೇನೆ. ಅವರು ಬರಲಿ, ಅವರು ಹೇಳಿದ ಹಾಗೆ ಮಾಡೋಣ," ಎಂದಳು.

ಪಶು ಆಸ್ಪತ್ರೆಯ ಡಾಕ್ಟರು ಬಂದರು. ಕೈಗೆ ಮುಖಕ್ಕೆ ಕವಚ ಹಾಕಿಕೊಂಡು ಸತ್ತ ಹಕ್ಕಿಗಳನ್ನು ಚೀಲಕ್ಕೆ ತುಂಬಿಕೊಂಡರು. ಜನರಿಗೆ ಹೇಳಿದರು: "ಪಟಾಕಿ ಹಚ್ಚಬೇಡಿ. ರೋಗವೇ ಆಗಿದ್ದರೆ ಬೆದರಿ ಹಾರಿದ ಹಕ್ಕಿಗಳು ಅದನ್ನು ಹತ್ತು ಕೆರೆಗೆ ಹಂಚುತ್ತವೆ. ಮರದ ಕೆಳಗೆ ಓಡಾಡಬೇಡಿ, ಬಿದ್ದದ್ದನ್ನು ಮುಟ್ಟಬೇಡಿ, ಜ್ವರ ಬಂದರೆ ಮುಚ್ಚಿಡಬೇಡಿ. ಪರೀಕ್ಷೆಗೆ ಕಳಿಸುತ್ತೇನೆ, ವರದಿ ಬರುವುದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಈ ತಾಯಿ ಮಗಳು ಬೇರೆ ಕಡೆ ಇದ್ದರೆ ಒಳ್ಳೆಯದು. ಅವರು ಹಕ್ಕಿಗಳನ್ನು ಮುಟ್ಟಿಲ್ಲ, ಅವರಿಗೆ ಜ್ವರವಿಲ್ಲ. ಜಾಗ ಕೊಟ್ಟವರಿಗೆ ಏನೂ ಆಗುವುದಿಲ್ಲ."

ಡಾಕ್ಟರು ಹೊರಟುಹೋದರು. ಜಾಗ ಕೊಡುತ್ತೇನೆ ಎಂದು ಯಾರೂ ಬಾಯಿ ಬಿಡಲಿಲ್ಲ. ಒಬ್ಬರ ಮನೆಯಲ್ಲಿ ಮುದುಕಿ ಇದ್ದಳು. ಒಬ್ಬರ ಮನೆಯಲ್ಲಿ ಹಾಲು ಕುಡಿಯುವ ಮಗುವಿತ್ತು. ಕೆಂಪಾಜಮ್ಮನ ಸ್ವಂತ ತಮ್ಮ, ಮನೆ ಚಿಕ್ಕದು ಎಂದು ಹೇಳಿ ನೆಲ ನೋಡಿದ. ಮಗಳ ಗಂಡನ ಮನೆಯವರು ಫೋನಿನಲ್ಲಿ, ಸದ್ಯಕ್ಕೆ ಅಲ್ಲೇ ಇರಲಿ ಎಂದರು. ಕೆಂಪಾಜಮ್ಮ ಯಾರನ್ನೂ ಎರಡನೆಯ ಸಲ ಕೇಳಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಜವರಪ್ಪನೂ ಅಂಗಡಿಯೊಳಗೆ ಬಂದು ಅರ್ಧ ಷಟರು ಎಳೆದ. ಷಟರಿನ ಕೆಳಗಿನಿಂದ ಎದುರು ಮನೆಯ ಮೆಟ್ಟಿಲು ಕಾಣುತ್ತಿತ್ತು. ಕೆಂಪಾಜಮ್ಮನ ಮಗಳು ಗಾಳಿಗೆಂದು ಹೊರಗೆ ಬಂದು, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಆ ಮೆಟ್ಟಿಲ ಮೇಲೆ ನಿಧಾನವಾಗಿ ಕೂತಳು. ಅವನಿಗೆ ಅತ್ತಿಗೆ ನೆನಪಾದಳು. ಅತ್ತಿಗೆ ಅಳುತ್ತಿದ್ದಾಗ ಆ ಯಜಮಾನ ಬಾಗಿಲ ಹಿಂದೆ ಏನು ಮಾಡುತ್ತಿದ್ದ ಎಂದು ಇಷ್ಟು ವರ್ಷವೂ ಜವರಪ್ಪ ಯೋಚಿಸುತ್ತಿದ್ದ. ಈಗ ತಿಳಿಯಿತು. ಅವನೂ ಹೀಗೇ ನಿಂತು ನೋಡುತ್ತಿದ್ದ.

ಪಟಾಕಿಯ ಡಬ್ಬ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟ. ಹೆಂಡತಿಯನ್ನು ಕೂಗಿ, "ಹಿಂದಿನ ಕೋಣೆಯ ಮೂಟೆಗಳನ್ನು ತೆಗೆಯಬೇಕು, ಬಾ," ಎಂದ.

ಯಾಕೆ ಎಂದು ತಿಳಿದ ಮೇಲೆ ಹೆಂಡತಿ ಅವನನ್ನೇ ದಿಟ್ಟಿಸಿ ನೋಡಿದಳು. "ಯಾರೋ ಕೆಮ್ಮಿದರೆ ನಿಮಗೆ ಎರಡು ದಿನ ಅನ್ನ ಸೇರುವುದಿಲ್ಲ. ನಿಮ್ಮ ಕೈ ನೋಡಿಕೊಳ್ಳಿ, ಈಗಲೇ ನಡುಗುತ್ತಿದೆ."

"ನಡುಗಲಿ. ನೀನು ಆ ಕಡೆ ಹಿಡಿ," ಎಂದ.

ಇಬ್ಬರೂ ಸೇರಿ ಮೂಟೆಗಳನ್ನು ಸರಿಸಿದರು. ಕೋಣೆಯನ್ನು ಫಿನಾಯಿಲು ಹಾಕಿ ತೊಳೆದರು. ಜವರಪ್ಪ ಮೂಗು ಬಾಯಿಗೆ ಟವೆಲು ಸುತ್ತಿಕೊಂಡು ರಸ್ತೆ ದಾಟಿದ. ಮರದಿಂದ ದೂರದಲ್ಲೇ ನಿಂತು, "ಕೆಂಪಾಜಕ್ಕಾ, ಮಗಳನ್ನು ಕರೆದುಕೊಂಡು ಹಿತ್ತಿಲ ಬಾಗಿಲಿನಿಂದ ಬಾ. ನಮ್ಮ ಹಿಂದಿನ ಕೋಣೆ ಖಾಲಿ ಇದೆ," ಎಂದು ಕೂಗಿದ. ಬಂದವರಿಗೆ ಬಕೆಟ್ಟಿನಲ್ಲಿ ಸೋಪಿನ ನೀರು ಇಟ್ಟು ಕಾಲು ತೊಳೆಸಿದ. ತೊಳೆದ ಮೇಲೆ ಇನ್ನೊಂದು ಸಲ ತೊಳೆಯಿರಿ ಎಂದ. ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಕೆಂಪಾಜಮ್ಮನಿಗೆ ನಗು ಬಂತು.

ಊರಿನವರು ಅಂಗಡಿಗೆ ಬರುವುದನ್ನು ಕಡಿಮೆ ಮಾಡಿದರು. ಜವರಪ್ಪ ಸುಮ್ಮನೆ ಕೂತಿರುತ್ತಿದ್ದ. ಬೆಳಿಗ್ಗೆ ಎದ್ದು ಮೊದಲು ತನ್ನ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಆಮೇಲೆ ಕೋಣೆಯ ಹೊರಗೆ ನಿಂತು, "ಜ್ವರ ಗಿರ ಏನಾದರೂ ಉಂಟೇನಮ್ಮ?" ಎಂದು ಕೇಳುತ್ತಿದ್ದ. "ಇಲ್ಲ ಮಾವ," ಎಂದು ಒಳಗಿನಿಂದ ಮಗಳು ಹೇಳುತ್ತಿದ್ದಳು. ಅದನ್ನು ಕೇಳಿದ ಮೇಲೆಯೇ ಅವನು ಕಾಫಿ ಕುಡಿಯುತ್ತಿದ್ದ. ತಟ್ಟೆ ಲೋಟಗಳನ್ನು ಹೊಸಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದ.

ಒಂದು ಮಧ್ಯಾಹ್ನ ಮಗಳಿಗೆ ನೋವು ಬಂತು. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಬಂದರೂ ಪರೀಕ್ಷೆಯ ವರದಿ ಬಂದಿರಲಿಲ್ಲ. ಬಾಣಂತಿ, ಮಗು, ಕೆಂಪಾಜಮ್ಮ ಮತ್ತೆ ಆ ಕೋಣೆಗೇ ಬಂದರು. ಜವರಪ್ಪ ಅದಕ್ಕೆ ಮುಂಚೆಯೇ ಕಿಟಕಿಗೆ ಸೊಳ್ಳೆಪರದೆ ಹೊಡೆದಿದ್ದ.

"ಮಗು ನೋಡಿಕೊಂಡು ಬನ್ನಿ," ಎಂದಳು ಹೆಂಡತಿ.

"ಬೇಡ. ಬೆಳಗಿನಿಂದ ಯಾರ್ಯಾರ ಕೈ ಮುಟ್ಟಿದ್ದೇನೋ ಏನೋ," ಎಂದು ಅವನು ಹೊರಗೇ ನಿಂತ.

ಅವತ್ತು ಒಬ್ಬ ಗಿರಾಕಿ ಬೆಲ್ಲಕ್ಕೆ ಬಂದವನು ಕೆಮ್ಮಿದ. ಜವರಪ್ಪ ಹಿಂದೆ ಸರಿಯಲಿಲ್ಲ. ಅಂಗಡಿಯಿಂದ ಇಳಿದು ಬಂದು, "ಅಣ್ಣ, ಸ್ವಲ್ಪ ಆಚೆ ನಿಂತುಕೋ. ಬೆಲ್ಲ ಅಲ್ಲಿಗೇ ತಂದುಕೊಡುತ್ತೇನೆ. ಒಳಗೆ ಹಸುಗೂಸು ಇದೆ," ಎಂದ.

ಕೆಲವು ದಿನ ಕಳೆದು ಡಾಕ್ಟರ ಫೋನು ಬಂತು. ಅಂಗಡಿಯ ಮುಂದೆ ನಾಲ್ಕಾರು ಜನ ದೂರ ದೂರ ನಿಂತಿದ್ದರು. ಜವರಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅಕ್ಕಿಮೂಟೆಯ ಮೇಲೆ ಕುಸಿದು ಕೂತ. ನೋಡಿದವರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಹೊಟ್ಟೆಹುಳ!" ಎಂದ. "ಹಕ್ಕಿಜ್ವರವೂ ಇಲ್ಲ, ಗಿಕ್ಕಿಜ್ವರವೂ ಇಲ್ಲ. ಮೀನು ತಿಂದು ಹೊಟ್ಟೆಯಲ್ಲಿ ಹುಳ ಆಗಿದೆಯಂತೆ. ನಮಗೆ ಬರುವುದಲ್ಲವಂತೆ, ಕೋಳಿಗೂ ಬರುವುದಲ್ಲವಂತೆ. ಬರೀ ಹೊಟ್ಟೆಹುಳ ಕಣ್ರಪ್ಪ!"

ಒಬ್ಬ ನಕ್ಕ. ಅವನನ್ನು ನೋಡಿ ಇನ್ನೊಬ್ಬ ನಕ್ಕ. ಹೊಟ್ಟೆಹುಳ, ಹೊಟ್ಟೆಹುಳ ಎಂದು ಮಾತು ಬೀದಿಯಿಂದ ಬೀದಿಗೆ ಹೋಯಿತು. ಮುಚ್ಚಿದ್ದ ಕಿಟಕಿಗಳು ತೆರೆದವು. ಊರಾಚೆ ಕೋಳಿ ಬಿಟ್ಟು ಬಂದಿದ್ದವರು ಅವುಗಳನ್ನು ಹುಡುಕಿಕೊಂಡು ಓಡಿದರು. ಕೆಂಪಾಜಮ್ಮನ ತಮ್ಮ ಬಾಣಂತಿಗೆಂದು ತುಪ್ಪ ಹಿಡಿದುಕೊಂಡು ಬಂದು, ಒಳಗೆ ಬರಲಾರದೆ ಅಂಗಡಿಯ ಮೂಲೆಯಲ್ಲಿ ನಿಂತ. ಕೆಂಪಾಜಮ್ಮ, "ನಿಂತಿದ್ದೀಯಲ್ಲ, ಬಾ, ನಿನ್ನ ಸೊಸೆಯ ಮಗಳನ್ನು ನೋಡು," ಎಂದು ಕರೆದಳು.

ಈ ಸಂತೋಷಕ್ಕೆ ಆ ಪಟಾಕಿಯನ್ನಾದರೂ ಹೊಡೆಯೋಣ ಎಂದು ಯಾರೋ ಡಬ್ಬಕ್ಕೆ ಕೈ ಹಾಕಿದರು. ಜವರಪ್ಪ ಅದನ್ನು ಕಿತ್ತುಕೊಂಡು ನೀರಿನ ಬಕೆಟ್ಟಿಗೆ ಮುಳುಗಿಸಿದ.

"ಮರದ ಮೇಲೆ ಮರಿಗಳಿವೆ, ಒಳಗೆ ಮಗು ಮಲಗಿದೆ. ಬುದ್ಧಿ ಇಲ್ಲವೇ ನಿಮಗೆ?" ಎಂದು ಗದರಿದ.

ಕೆಂಪಾಜಮ್ಮ ಮನೆಗೆ ಹೊರಡುವ ಮೊದಲು ಮಗಳು ಮಗುವನ್ನು ಎತ್ತಿಕೊಂಡು ಕೋಣೆಯ ಬಾಗಿಲಿಗೆ ಬಂದಳು. "ಮಾವ, ಇನ್ನೇನು ಭಯ? ಒಂದು ಸಲ ಎತ್ತಿಕೊಳ್ಳಿ," ಎಂದಳು.

ಜವರಪ್ಪ ಓಡಿಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದ. ಬಂದವನು ಮಗುವನ್ನು ನೋಡಿದ, ತನ್ನ ಕೈ ನೋಡಿಕೊಂಡ, ಮತ್ತೆ ತೊಳೆದು ಬಂದ. ಆಮೇಲೂ ಹೊಸಿಲು ದಾಟಲಿಲ್ಲ. "ಇನ್ನೂ ಸ್ವಲ್ಪ ಬಲಿಯಲಿ ತಾಯಿ, ಎತ್ತಿಕೊಂಡರಾಯಿತು," ಎಂದು ಅಲ್ಲಿಂದಲೇ ಕತ್ತು ಚಾಚಿ ನೋಡಿ ನಕ್ಕ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ರೋಗವಿಲ್ಲ ಎಂದು ಗೊತ್ತಾದ ಮೇಲೂ ಅವನು ಹೊರಗೇ ನಿಂತನಲ್ಲ ಗುರುಗಳೇ. ಹಾಗಾದರೆ ಅವನ ಹೆದರಿಕೆ ಹೋಗಲೇ ಇಲ್ಲವಲ್ಲ?"

ಗುರುಗಳು ಹೇಳಿದರು:

"ಎಲ್ಲಿ ಹೋಯಿತು? ಅವರಿಗೆ ಹೆದರುತ್ತಿದ್ದವನು ಅವರಿಗಾಗಿ ಹೆದರಿದ, ಅಷ್ಟೇ."