ಅವ್ವನ ಕಾಲಿಗೆ ವಸ್ತಾದ

ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬಾರದು. ನಗು ಬಂದರೆ ನಗಬಹುದು, ಅದಕ್ಕೆ ಅಡ್ಡಿಯಿಲ್ಲ.

ಒಂದು ಪೇಟೆಯಲ್ಲಿ ಶಂಕ್ರವ್ವ ಅಂತ ಒಬ್ಬಾಕೆ. ರೊಟ್ಟಿ ಬಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಗೂಳಪ್ಪ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಆಕೆಯ ಕಷ್ಟವೇ ಅದು.

ಒಂದು ಸಲ ಶಂಕ್ರವ್ವನ ಮೊಣಕಾಲು ಹಿಡಿದುಕೊಂಡಿತು. ಒಲೆ ಮುಂದೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ರೊಟ್ಟಿ ನಿಂತರೆ ಇಬ್ಬರ ಊಟವೂ ನಿಂತಂತೆಯೇ. ಡಾಕ್ಟರು, "ಗುಳಿಗಿಯಿಂದ ಆಗೂದಿಲ್ಲ. ಮನಿಗೆ ಬಂದು ಕಾಲಿಗೆ ವ್ಯಾಯಾಮ ಕಲಿಸೋರನ್ನ ಹುಡುಕ್ರಿ" ಅಂದುಬಿಟ್ಟರು.

ಶಂಕ್ರವ್ವ ಮಗನನ್ನು ಕರೆದಳು. "ಗೂಳ್ಯಾ, ಮೈಯಾಗ ಕಸುವು ಇದ್ದವನ್ನ ನೋಡಿ ಕರಕೊಂಡು ಬಾರಪಾ."

"ಹೂಂನವ್ವಾ!"

ಹೋದ. ಅಡತಿ ಅಂಗಡಿ ಮುಂದೆ ಒಬ್ಬ ಹಮಾಲ ಜೋಳದ ಚೀಲ ಹೊರುತ್ತಿದ್ದ. ಇವನಿಗಿಂತ ಕಸುವು ಇನ್ಯಾರಿಗೆ? ಕರಕೊಂಡು ಬಂದ.

ಹಮಾಲ ಒಳಗೆ ಬಂದು ಆಚೆ ಈಚೆ ನೋಡಿದ. "ಏನ್ ಎತ್ತಬೇಕೋ?"

"ನಮ್ಮವ್ವನ್ನ!"

"ಎಲ್ಲಿ ಇಡ್ಲಿ?"

ಅದು ಗೂಳಪ್ಪನಿಗೂ ಗೊತ್ತಿರಲಿಲ್ಲ. ಯೋಚಿಸುವಷ್ಟರಲ್ಲಿ ಶಂಕ್ರವ್ವ ಹಮಾಲನ ಹೆಗಲ ಮೇಲಿದ್ದಳು. "ಇಳಸೋ! ಇಳಸೋ!" ಇಳಿಸಿದ. ಮೂಲೆಯಲ್ಲಿ, ಜೋಳದ ಚೀಲದ ಪಕ್ಕ, ನೀಟಾಗಿ.

"ಅಯ್ಯ ಖೋಡಿ! ಎತ್ತೋರಲ್ಲೋ, ಕಲಿಸೋರು ಬೇಕು! ಗರಡಿಮನಿಗೆ ಹೋಗು. ಕುಸ್ತಿ ಹುಡುಗ್ರನ್ನ, ನಿಮಗ ಕಲಿಸಿದವರು ಯಾರು ಅಂತ ಕೇಳು. ಅವರನ್ನ ಕರಕೊಂಡು ಬಾ!"

"ಹೂಂನವ್ವಾ!"

ಗರಡಿಮನೆಗೆ ಹೋದ. "ನಿಮಗ ಕಲಿಸಿದವರು ಯಾರ್ರಿ?" ಹುಡುಗರು ತಮ್ಮ ವಸ್ತಾದ ಹುಚ್ಚೀರಪ್ಪನನ್ನು ತೋರಿಸಿದರು. ಗೂಳಪ್ಪ ಅವನ ಹತ್ತಿರ ಹೋಗಿ, "ನಿಮಗ ಕಲಿಸಿದವರು ಯಾರ್ರಿ?" ಅಂದ. "ನಮ್ಮ ಗುರುಗಳು. ಅಗೋ, ಬೇವಿನ ಗಿಡದ ಬುಡಕ ಅದಾರ ನೋಡು" ಅಂತ ವಸ್ತಾದ ಕೈ ಮುಗಿದ.

ಸಂಜೆಗೆ ಗೂಳಪ್ಪ ಜೋಲು ಮೋರೆ ಹಾಕಿಕೊಂಡು ಮನೆಗೆ ಬಂದ. "ಅವ್ವಾ, ಎಷ್ಟು ಕರೆದ್ರೂ ಏಳವಲ್ಲರು!"

"ಯಾರೋ?"

"ಗುರುಗಳು! ಮ್ಯಾಲೆ ಗದ್ದಿಗಿ ಕಟ್ಯಾರ!"

ಶಂಕ್ರವ್ವ ಹಣೆ ಚಚ್ಚಿಕೊಂಡಳು. "ಎಂಥಾ ಮಗನ್ನ ಹಡದ್ನೆವ್ವಾ! ಸತ್ತವರು ಬರ್ತಾರೇನೋ? ಜೀವಂತ ಇರೋ ವಸ್ತಾದನ್ನ ಕರಿ! ಬಗ್ಗಿ ಅವರ ಕಾಲು ಹಿಡಿ, ಹೂಂ ಅನ್ನೋ ತನಕ ಬಿಡಬ್ಯಾಡ!"

"ಹೂಂನವ್ವಾ!"

ಮರುದಿನ ವಸ್ತಾದ ಕೆಮ್ಮಣ್ಣಿನ ಅಖಾಡದಲ್ಲಿ ಶಿಷ್ಯನೊಬ್ಬನ ಜೊತೆ ತೋಳಿಗೆ ತೋಳು ಕೊಟ್ಟು ನಿಂತಿದ್ದ. ಗೂಳಪ್ಪ ಹಿಂದಿನಿಂದ ಬಂದ, ಬಗ್ಗಿದ, ಕಾಲು ಹಿಡಿದ. ವಸ್ತಾದ ಧೊಪ್ಪನೆ ಬಿದ್ದ!

"ಬಿಡೋ ಕಾಲು!"

"ಹೂಂ ಅನ್ರಿ!"

"ಹೂಂ ಮಾರಾಯಾ, ಹೂಂ! ಬಿಡು!"

ಮಣ್ಣು ಕೊಡವಿಕೊಳ್ಳುತ್ತ ವಿಷಯ ಕೇಳಿದ ವಸ್ತಾದ ಹೊಟ್ಟೆ ಹಿಡಿದು ನಕ್ಕ. ಒಳ್ಳೆಯ ಮನುಷ್ಯ, ಹಾಗೇ ಎದ್ದು ಬಂದ. ಶಂಕ್ರವ್ವನ ಮೊಣಕಾಲು ನೀವಿ ನೋಡಿದ. "ಯಕ್ಕಾ, ಬಾಗಿಲ ಚೌಕಟ್ಟು ಹಿಡಕೊಂಡು ಕುಂದರು, ಏಳು. ಮುಂಜಾನೆ, ಸಂಜಿಗೆ. ಮೊದಲಿಗೆ ನೋಯತೈತಿ, ಆಮ್ಯಾಲೆ ತಾನ ಸಡಲಾಗತೈತಿ." ಗೂಳಪ್ಪನ ಕಡೆ ತಿರುಗಿ, "ತಮ್ಮಾ, ಒಂದು ದಿನಾನೂ ತಪ್ಪಬಾರದು ನೋಡು. ತಿಂಗಳು ಬಿಟ್ಟು ಬರ್ತೇನಿ" ಅಂದ.

ಶಂಕ್ರವ್ವ ಒಂದೇ ಸಲ ಕೂತಳು. "ಅಯ್ಯಯ್ಯೋ, ಇದು ನನ್ನಿಂದ ಆಗೂದಿಲ್ಲ!" ಅಂತ ಹೋಗಿ ಮಲಗಿಬಿಟ್ಟಳು. ಆದರೆ ಒಂದು ದಿನವೂ ತಪ್ಪಬಾರದಲ್ಲ! ಗೂಳಪ್ಪ ಹಿತ್ತಲ ಬಾಗಿಲಿಗೆ ಹೋದ.

ತಿಂಗಳಾದ ಮೇಲೆ ವಸ್ತಾದ ಬಂದ. "ಏನ್ ತಮ್ಮಾ, ತಪ್ಪಿಲ್ಲಲ್ಲ?"

"ಒಂದು ದಿನಾನೂ ತಪ್ಪಿಲ್ರಿ!"

"ಕಾಲು ಹ್ಯಾಂಗೈತಿ?"

"ಅವ್ವಂದು ಹಾಂಗ ಐತ್ರಿ. ನಂದು ನೋಡ್ರಿ!" ಧೋತರ ಎತ್ತಿ ತೊಡೆ ತಟ್ಟಿದ. ಒನಕೆಯಂಥ ತೊಡೆ!

"ಅಲ್ಲೋ ಮಂಗ್ಯಾ!" ಶಂಕ್ರವ್ವ ಕೂಗಿದಳು. "ನೋವು ನನಗ, ನೀ ಯಾಕ ಮಾಡಿದ್ಯೋ?"

ಗೂಳಪ್ಪನಿಗೇ ಅಚ್ಚರಿ. "ಯಾಕವ್ವಾ? ನಾ ಮೊಲಿ ಕುಡಿಯೋ ಕೂಸಿದ್ದಾಗ ನನಗ ಹೊಟ್ಟಿನೋವು ಬಂದ್ರ ಕಹಿ ಕಷಾಯ ನೀನ ಕುಡೀತಿದ್ದೆ ಅಂತ ಹೇಳಿಲ್ಲೇನು? ನೀ ಕುಡದ್ರ ನನಗ ಕಡಿಮಿ ಆಗತಿತ್ತು. ನಾ ಮಾಡಿದ್ರ ನಿನಗ್ಯಾಕ ಆಗೂದಿಲ್ಲ?"

ಶಂಕ್ರವ್ವನ ಕಣ್ಣು ತುಂಬಿ ಬಂತು. ನೋವಿಗೆ ಹೆದರಿ ಮಲಗಿದ್ದಕ್ಕೆ ನಾಚಿಕೆಯೂ ಆಯಿತು. ಸೆರಗು ಬಿಗಿದು, ಚೌಕಟ್ಟು ಹಿಡಿದು, ಹಲ್ಲು ಕಚ್ಚಿ ಕೂತಳು. ನಡುಗುತ್ತ ನಡುಗುತ್ತ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು.

ಗೂಳಪ್ಪ ಕುಣಿದಾಡಿಬಿಟ್ಟ. "ನೋಡಿದ್ರಿಲ್ರಿ ವಸ್ತಾದ್ರ! ನಾ ಮಾಡಿದ್ದು ಈಗ ಅವ್ವನ ಕಾಲಿಗೆ ಮುಟ್ಟೈತಿ! ಅವ್ವಾ, ನೀ ಸಾಕು ಮಾಡು. ಉಳಿದದ್ದು ನಾ ಮಾಡಿ ಮುಗಸ್ತೇನಿ!"