ಇಲ್ಲ ಎನ್ನದ ಕೀಲಿ

ಕುಡಿದವರು ಓಡಿಸದಂತೆ ತಡೆಯುವ ಯಂತ್ರವನ್ನು ಪ್ರತಿ ಕಾರಿಗೂ ಹಾಕಿಸಬೇಕೆಂದು ಸರ್ಕಾರ ನಿಯಮ ಮಾಡಿತು. ನಂಜೇಗೌಡರೂ ಹಾಕಿಸಿದರು. ಮೊದಲು ಅದರೊಳಗೆ ಊದಬೇಕು. ಅದು ಒಪ್ಪಿದರೆ ಮಾತ್ರ ಕೀಲಿ ತಿರುಗಿಸಿದಾಗ ಕಾರು ಹೊರಡುತ್ತಿತ್ತು. ಆ ವರ್ಷದ ಆಯುಧಪೂಜೆಯಲ್ಲಿ ಮೊದಲ ಕುಂಕುಮವೂ ಯಂತ್ರಕ್ಕೇ ಬಿತ್ತು. ಅಂದಿನಿಂದ ಕೀಲಿಯ ಹೊಟ್ಟೆಯಲ್ಲಿ ಕಿಚ್ಚು ಆರಲಿಲ್ಲ.

ಒಂದು ಮಧ್ಯಾಹ್ನ ಗೌಡರು ಬೀಗರೂಟದಲ್ಲಿ ಚೆನ್ನಾಗಿ ಕುಡಿದು ಬಂದು ಊದಿದರು. ಯಂತ್ರ ಕೆಂಪು ದೀಪ ಹಚ್ಚಿತು. ಕೀಲಿಯನ್ನು ಹತ್ತು ಸಲ ತಿರುಗಿಸಿದರೂ ಕಾರು ಮಿಸುಕಲಿಲ್ಲ. ಗೌಡರು ಬೈಯುತ್ತಾ ಸೀಟಿನಲ್ಲೇ ನಿದ್ದೆಹೋದರು.

"ಮೊನ್ನೆ ಮೊನ್ನೆ ಬಂದವನು ನೀನು. ಯಜಮಾನರಿಗೇ ಇಲ್ಲ ಅನ್ನುತ್ತೀಯಾ?" ಎಂದು ಕೀಲಿ ಯಂತ್ರವನ್ನು ಕೆಣಕಿತು.

"ಹಾಗನ್ನುವುದಕ್ಕೇ ನನ್ನನ್ನು ಇಟ್ಟಿರುವುದು ತಾಯಿ," ಎಂದಿತು ಯಂತ್ರ.

"ನನಗೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮನೆ ಸೇರಿಸುತ್ತಿದ್ದೆ. ಒಂದು ದಿನವೂ ಅವರಿಗೆ ಇಲ್ಲ ಅಂದವಳಲ್ಲ ನಾನು."

ಅದೇ ಗೊಂಚಲಿನಲ್ಲಿ ತುಕ್ಕು ಹಿಡಿದ ಇನ್ನೊಂದು ಕೀಲಿಯಿತ್ತು. ಅದು ಗೌಡರ ಹಿಂದಿನ ಕಾರಿನದು. ಯಾಕೋ ಬಿಸಾಡದೆ ಇಟ್ಟುಕೊಂಡಿದ್ದರು. ಅಷ್ಟು ದಿನ ಅದು ಬಾಯಿ ಬಿಟ್ಟಿರಲಿಲ್ಲ.

"ನಾನೂ ಅಂದವಳಲ್ಲ ತಂಗಿ," ಎಂದಿತು ಅದು. "ಹೋದ ಸಲದ ಬೀಗರೂಟದ ದಿನ ಒಂದೇ ತಿರುವಿಗೆ ಹೊರಡಿಸಿಕೊಟ್ಟೆ. ಕಾರು ಕೆರೆ ಏರಿಯಿಂದ ಉರುಳಿ ಗುಜರಿಗೆ ಹೋಯಿತು. ಗೌಡರು ಆರು ತಿಂಗಳು ಹಾಸಿಗೆ ಹಿಡಿದರು. ಅಂದಿನಿಂದ ನಾನು ತಿರುಗುವುದಕ್ಕೆ ಒಂದು ಕಾರಿಲ್ಲ."

ಕೀಲಿ ಯಂತ್ರದ ಕೆಂಪು ದೀಪದತ್ತ ನೋಡಿತು. ಗೌಡರ ಗೊರಕೆಯೊಂದೇ ಕೇಳುತ್ತಿತ್ತು.